ಹೆನ್ರಿ ಫೋರ್ಡ್‌ನ ಸೋದರಮಾವಂದಿರು

ಫೋರ್ಡ್ ಕಾರಿನ ಹೆಸರು ಕೇಳದವರಿಲ್ಲ. ಕಾರು ಮಾಡಿದ ಹೆನ್ರಿಯ ಅಪ್ಪ ಐರ್ಲೆಂಡಿನ ಕಾರ್ಕ್ ಸೀಮೆಯಿಂದ ಬಂದ ರೈತನೆಂಬುದನ್ನೂ ಹಲವರು ಓದಿರುತ್ತಾರೆ. ಹೆನ್ರಿಯ ಸೋದರಮಾವಂದಿರು ಯಾರು ಎಂದರೆ ಮಾತ್ರ ಡೆಟ್ರಾಯ್ಟಿನವರೇ ತಲೆ ಕೆರೆದುಕೊಳ್ಳಬೇಕು. ಒಬ್ಬ ಜಾನ್ ಲಿಟೊಗಾಟ್. ಇನ್ನೊಬ್ಬ ಬಾರ್ನಿ ಲಿಟೊಗಾಟ್. ಅಮೆರಿಕದ ಅಂತರ್ಯುದ್ಧಕ್ಕೆ ಹೋದ ಅಣ್ಣತಮ್ಮಂದಿರಲ್ಲಿ ಜಾನ್ ರಣದಲ್ಲೇ ಉಳಿದ. ಬದುಕಿ ಬಂದ ಬಾರ್ನಿ ಡೆಟ್ರಾಯ್ಟ್ ನದಿಯ ನಡುಗಡ್ಡೆಯೊಂದರಲ್ಲಿ ದೀಪಸ್ತಂಭ ಕಾಯುವ ಕೆಲಸ ಹಿಡಿದ.

ಇಂಥವರನ್ನು ಹುಡುಕುವುದೇ ಒಂದು ಕಸುಬು. ಅಪ್ಪ, ಅಜ್ಜ, ಮುತ್ತಜ್ಜ ಎಂದು ನೆಟ್ಟಗೆ ಮೇಲೇರುವುದು ವಂಶಾವಳಿಯ ಸುಲಭದ ದಾರಿ. ಮುತ್ತಜ್ಜನ ತಮ್ಮ, ಅಜ್ಜಿಯ ಅಣ್ಣ, ಮದುವೆಯಾಗದೆ ಉಳಿದ ಅತ್ತೆ ಹೀಗೆ ಪಕ್ಕಕ್ಕೆ ಸರಿದರೆ ದಾರಿ ಕಾಣದಂತಾಗುತ್ತದೆ. ಮಕ್ಕಳಿಲ್ಲದವರ ಹೆಸರು ಹೇಳಲು ಮೊಮ್ಮಕ್ಕಳಿರುವುದಿಲ್ಲ. ಒಡಹುಟ್ಟಿದವರ ಮರಿಮಕ್ಕಳಿಗೆ ಬಿಡುವಾಗಿ, ಮನಸ್ಸೂ ಬಂದು ಹುಡುಕಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ಡೆಟ್ರಾಯ್ಟಿನ ಉತ್ತರಕ್ಕಿರುವ ಸ್ಟರ್ಲಿಂಗ್ ಹೈಟ್ಸ್ ಇಂಥ ಹುಡುಕಾಟಕ್ಕೆ ತಕ್ಕ ಊರು. 1968ರವರೆಗೆ ಅದು ನಗರವೇ ಆಗಿರಲಿಲ್ಲ, ಹೊಲಗದ್ದೆಗಳ ಟೌನ್‌ಶಿಪ್ಪು. 2020ರ ಗಣತಿಯ ಹೊತ್ತಿಗೆ ಜನಸಂಖ್ಯೆ 1,34,346. ಫೋರ್ಡ್‌ನವರ ಆಕ್ಸಲ್ ಕಾರ್ಖಾನೆ, ಕ್ರೈಸ್ಲರ್‌ನವರ ಜೋಡಣಾ ಘಟಕ ಎರಡೂ ಇಲ್ಲಿವೆ. ಪೋಲೆಂಡಿನಿಂದ ಬಂದವರ ಮಕ್ಕಳು, ಇರಾಕಿನ ಕಾಲ್ಡಿಯನ್ನರು, ಇಲ್ಲೂ ಪಕ್ಕದ ಟ್ರಾಯ್‌ನಲ್ಲೂ ಮನೆ ಮಾಡಿದ ಭಾರತೀಯರು, ಎಲ್ಲರೂ ಎಲ್ಲಿಂದಲೋ ಎದ್ದು ಬಂದವರು. ಆ ಭಾರತೀಯರಲ್ಲಿ ವಾಹನೋದ್ಯಮಕ್ಕೆಂದು ಬಂದ ಕನ್ನಡಿಗರೂ ಇದ್ದಾರೆ. ಈ ಸೀಮೆಯ ಪಂಪ ಕನ್ನಡ ಕೂಟ 1973ರದು. ಎದ್ದು ಬಂದವರ ಮನೆಗಳಲ್ಲಿ ಹಿಂದೆ ಉಳಿದ ಅಣ್ಣನ ಕಥೆಯೋ, ಮುಂದೆ ಹೋಗಿ ಕಳೆದುಹೋದ ತಮ್ಮನ ಕಥೆಯೋ ಒಂದಿಲ್ಲೊಂದು ಇದ್ದೇ ಇರುತ್ತದೆ.

ಕಾಗದಗಳು ಎಲ್ಲಿವೆ? ಸ್ಟರ್ಲಿಂಗ್ ಹೈಟ್ಸ್ ಇರುವ ಮ್ಯಾಕೊಂಬ್ ಕೌಂಟಿಯ ಮಟ್ಟಿಗೆ ಮೌಂಟ್ ಕ್ಲೆಮೆನ್ಸ್ ಊರಿನ ಗ್ರಂಥಾಲಯ, ಇಡೀ ಸೀಮೆಗೆ ಡೆಟ್ರಾಯ್ಟ್ ಸಾರ್ವಜನಿಕ ಗ್ರಂಥಾಲಯದ ಬರ್ಟನ್ ಐತಿಹಾಸಿಕ ಸಂಗ್ರಹ. ಕ್ಲಾರೆನ್ಸ್ ಬರ್ಟನ್ ವಕೀಲರು, ಭೂಮಿಯ ಹಕ್ಕುದಾಖಲೆ ಶೋಧಿಸುವ ಕಂಪನಿ ನಡೆಸುತ್ತಿದ್ದವರು. ಜಮೀನಿನ ಕಾಗದ ಹುಡುಕುತ್ತ ಹುಡುಕುತ್ತ ಊರಿನ ಚರಿತ್ರೆಗೇ ಬಿದ್ದು, ಕೂಡಿಟ್ಟದ್ದನ್ನೆಲ್ಲ 1914ರಲ್ಲಿ ಗ್ರಂಥಾಲಯಕ್ಕೆ ಕೊಟ್ಟುಬಿಟ್ಟರು. ಇದಕ್ಕಿಂತ ಹಳೆಯವು ಡೆಟ್ರಾಯ್ಟಿನ ಸೇಂಟ್ ಆನ್ ಚರ್ಚಿನ ದಾಖಲೆಗಳು, 1704ರಿಂದ ಇವೆ. ಅಲ್ಲಿನ ದೀಕ್ಷಾಸ್ನಾನದ ಪುಸ್ತಕದಲ್ಲಿ ಮಗುವಿನ ಹೆಸರಿಗಿಂತ ಅದರ ಧಾರ್ಮಿಕ ಹೊಣೆ ಹೊರುವ ಜ್ಞಾನಪಿತ, ಜ್ಞಾನಮಾತೆಯರ ಹೆಸರನ್ನು ಮೊದಲು ನೋಡಬೇಕೆಂದು ಬಲ್ಲವರು ಹೇಳುತ್ತಾರೆ. ಆ ಜಾಗದಲ್ಲಿ ಎಷ್ಟೋ ಸಲ ಚಿಕ್ಕಪ್ಪನೋ ಚಿಕ್ಕಮ್ಮನೋ ನಿಂತಿರುತ್ತಾರೆ.

ಜನಗಣತಿಯೂ ಉಂಟು, ಆದರೆ ಅದರಲ್ಲಿ ತೂತುಗಳಿವೆ. 1850ಕ್ಕೆ ಮೊದಲು ಮನೆಯ ಯಜಮಾನನ ಹೆಸರಷ್ಟೇ ಬರೆಯುತ್ತಿದ್ದರು, ಉಳಿದವರು ಬರೀ ತಲೆಲೆಕ್ಕ. ಯಜಮಾನನಿಗೆ ಯಾರು ಏನಾಗಬೇಕೆಂದು ಕೇಳತೊಡಗಿದ್ದು 1880ರಲ್ಲಿ. 1890ರ ಪಟ್ಟಿಗಳು 1921ರ ಬೆಂಕಿಯ ನಂತರ ಬಹುಪಾಲು ಇಲ್ಲವಾದವು. ಒಂದು ತಲೆಮಾರಿನ ಅಣ್ಣತಮ್ಮಂದಿರು ಮದುವೆಯಾಗಿ ಬೇರೆ ಬೇರೆ ಊರು ಸೇರುವ ಕಾಲವೇ ಹೀಗೆ ಬಿಟ್ಟುಹೋಯಿತು.

ಇನ್ನು ಲಿಟೊಗಾಟ್‌ಗಳ ಕಡೆಗೆ. ಹೆನ್ರಿಯ ತಾಯಿ ಮೇರಿ ಎಳವೆಯಲ್ಲೇ ಅನಾಥೆಯಾದವಳು. ಡೆಟ್ರಾಯ್ಟ್ ಪಕ್ಕದ ಡಿಯರ್‌ಬಾರ್ನ್ ಬಳಿಯ ಪ್ಯಾಟ್ರಿಕ್ ಅಹರ್ನ್ ಎಂಬ ಐರಿಷ್ ರೈತ ಮತ್ತವನ ಹೆಂಡತಿ ಅವಳನ್ನು ಸಾಕಿದರು. ಹೆನ್ರಿ ಮುಂದೆ ಕಟ್ಟಿಸಿದ ಬಂಗಲೆಗೆ ಇಟ್ಟ ಫೇರ್ ಲೇನ್ ಎಂಬ ಹೆಸರು ಈ ಸಾಕುತಾತನ ಕಾರ್ಕ್ ಊರಿನ ಬೀದಿಯದು. ಸಾಕಿದವರ ನೆನಪು ಹೀಗೆ ಕಲ್ಲಿನ ಮನೆಯಾಗಿ ನಿಂತಿತು. ಹೆತ್ತವರ ಕಡೆಯ ನೆನಪು ತೆಳುವಾಯಿತು. ಮೇರಿಯ ಸೋದರರು 1862ರಲ್ಲಿ ವೇಯ್ನ್ ಕೌಂಟಿಯ ಸುತ್ತಮುತ್ತಲಿನ ಹುಡುಗರನ್ನು ಸೇರಿಸಿ ಕಟ್ಟಿದ 24ನೇ ಮಿಶಿಗನ್ ಕಾಲಾಳು ಪಡೆಯಲ್ಲಿದ್ದರು. ಅದೇ ವರ್ಷ ಡಿಸೆಂಬರಿನಲ್ಲಿ, ಫ್ರೆಡರಿಕ್ಸ್‌ಬರ್ಗ್ ಕಾಳಗದಲ್ಲಿ, ಜಾನ್ ಸತ್ತ. ಹೆನ್ರಿ ಹುಟ್ಟಿದ್ದು 1863ರ ಜುಲೈ 30ಕ್ಕೆ. ಬಸುರಿ ತಂಗಿಗೆ ಅಣ್ಣನ ಸಾವಿನ ಸುದ್ದಿ ತಲುಪಿದ ಮನೆ ಅದು. ಹೆನ್ರಿಗೆ ಹನ್ನೆರಡು ವರ್ಷವಾಗಿದ್ದಾಗ, 1876ರಲ್ಲಿ, ಮೇರಿಯೂ ತೀರಿಕೊಂಡಳು. ಸೋದರಮಾವಂದಿರ ಕಥೆ ಹೇಳಬೇಕಾದ ಬಾಯಿಯೇ ಹೋಯಿತು.

24ನೇ ಪಡೆಯ ಲೆಕ್ಕ ಭಯಂಕರ. ಗೆಟಿಸ್ಬರ್ಗಿನಲ್ಲಿ ಕಾದಿದ 496 ಮಂದಿಯಲ್ಲಿ 363 ಮಂದಿ ಸತ್ತರು, ಗಾಯಗೊಂಡರು ಇಲ್ಲವೇ ಸೆರೆಸಿಕ್ಕರು. 1865ರ ಮೇ ತಿಂಗಳಲ್ಲಿ ಸ್ಪ್ರಿಂಗ್‌ಫೀಲ್ಡಿನಲ್ಲಿ ನಡೆದ ಲಿಂಕನ್ ಶವಯಾತ್ರೆಗೆ ಬೆಂಗಾವಲಾಗಿ ನಿಂತದ್ದೂ ಇದೇ ಪಡೆ. ಯುದ್ಧದಿಂದ ಮರಳಿದ ಬಾರ್ನಿಗೆ ಸಿಕ್ಕ ಸರ್ಕಾರಿ ಕೆಲಸ ಮಾಮಜೂಡ ದ್ವೀಪದ ದೀಪ ನೋಡಿಕೊಳ್ಳುವುದು. ವೈಯಂಡಾಟ್ ಊರಿನ ಎದುರಿಗಿದ್ದ ಆ ತುಂಡು ನೆಲದಲ್ಲಿ 1849ರಿಂದ ದೀಪಸ್ತಂಭವಿತ್ತು. ಬಾರ್ನಿ ಸತ್ತ ಮೇಲೆ, 1874ರಲ್ಲಿ, ಅವನ ಹೆಂಡತಿ ಕೆರೋಲಿನ್ ಆ ಕೆಲಸಕ್ಕೆ ಬಂದಳು. ಹೆಂಗಸಿಗೆ ಈ ಕೆಲಸ ಬೇಡವೆಂಬ ಮಾತು ಎದ್ದಾಗ ಮಿಶಿಗನ್ನಿನ ಸೆನೆಟರ್ ಝಕಾರಿಯಾ ಚಾಂಡ್ಲರ್‌ವರೆಗೆ ದೂರು ಹೋಯಿತು. ಕೆರೋಲಿನ್ ಕೆಲಸ ಉಳಿಯಿತು. 1885ರವರೆಗೆ ಆಕೆ ದೀಪ ನೋಡಿಕೊಂಡಳು. ಸೋದರಮಾವನನ್ನು ಹುಡುಕಹೊರಟವರಿಗೆ ಅವನಿಗಿಂತ ಗಟ್ಟಿಗಿತ್ತಿ ಅತ್ತೆಯೊಬ್ಬಳು ಸಿಕ್ಕಳು. ಪಕ್ಕದ ಕೊಂಬೆ ಹಿಡಿದವರಿಗೆ ಇಂಥ ಲಾಭ ಆಗಾಗ ಆಗುತ್ತದೆ.

ಇಷ್ಟೆಲ್ಲ ಗೊತ್ತಾಗುವುದು ಹೇಗೆಂದರೆ, ಸಂಬಳದಿಂದ. 1845ರಿಂದ 1912ರವರೆಗಿನ ದೀಪಪಾಲಕರ ರಿಜಿಸ್ಟರುಗಳು ಅಮೆರಿಕದ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಯಾರು, ಯಾವ ದೀಪ, ಎಂದು ನೇಮಕ, ಎಷ್ಟು ಸಂಬಳ ಎಂಬುದೆಲ್ಲ ಅಲ್ಲಿದೆ. ಸಿಪಾಯಿಯ ವಿಧವೆ ಪಿಂಚಣಿಗೆ ಅರ್ಜಿ ಹಾಕಿದ್ದರೆ ಆ ಕಡತ ಇನ್ನೂ ದಪ್ಪ. ಮದುವೆಗೆ ಸಾಕ್ಷಿ, ಮಕ್ಕಳ ಹುಟ್ಟಿದ ದಿನ, ನೆರೆಯವರ ಪ್ರಮಾಣಪತ್ರ ಎಲ್ಲವನ್ನೂ ಸರ್ಕಾರ ಕೇಳುತ್ತಿತ್ತು. ಒಂದು ಡಾಲರ್ ಕೊಡುವ ಮುನ್ನ ಹತ್ತು ಪ್ರಶ್ನೆ ಕೇಳಿದ ಗುಮಾಸ್ತನಿಗೆ ವಂಶಾವಳಿಗಾರರೆಲ್ಲ ಋಣಿಗಳು. ಯಾರಿಂದಲೂ ಏನನ್ನೂ ಬೇಡದೆ ಬಾಳಿದ ಮನುಷ್ಯನ ಕಾಗದ ಮಾತ್ರ ಎಲ್ಲೂ ಸಿಗುವುದಿಲ್ಲ.

ಈ ಕೊಂಬೆಗಳನ್ನೆಲ್ಲ ಬಿಡಿಸಿ ಬರೆದವರಲ್ಲಿ ಮುಖ್ಯರು ಫೋರ್ಡ್ ಆರ್. ಬ್ರಯನ್. ಫೋರ್ಡ್ ಎಂಬುದು ಅವರ ಮೊದಲ ಹೆಸರು. ಮನೆತನದ ದೂರದ ನೆಂಟರು, ಫೋರ್ಡ್ ಕಂಪನಿಯಲ್ಲೇ ವಿಜ್ಞಾನಿಯಾಗಿದ್ದವರು. ನಿವೃತ್ತರಾದ ಮೇಲೆ ಡಿಯರ್‌ಬಾರ್ನಿನ ಪತ್ರಾಗಾರದಲ್ಲಿ ಕೂತು ‘ದಿ ಫೋರ್ಡ್ಸ್ ಆಫ್ ಡಿಯರ್‌ಬಾರ್ನ್’ ಬರೆದರು. ಅದು ಹೊರಬಂದದ್ದು 1987ರಲ್ಲಿ. ಫೋರ್ಡ್‌ಗಳ ಕಡೆಯಲ್ಲೂ ಇಂಥ ಪಕ್ಕದ ಕೊಂಬೆಗಳಿವೆ. ಹೆನ್ರಿಯ ಅಜ್ಜ ಜಾನ್ ಫೋರ್ಡ್ 1847ರಲ್ಲಿ ಡಿಯರ್‌ಬಾರ್ನಿಗೆ ಬರುವುದಕ್ಕೆ ಹದಿನೈದು ವರ್ಷ ಮೊದಲೇ ಅವನ ಸೋದರರಾದ ಸ್ಯಾಮುಯೆಲ್ ಮತ್ತು ಜಾರ್ಜ್ ಬಂದು ನೆಲೆಯೂರಿದ್ದರು. ಅವರು ಬಂದಿರದಿದ್ದರೆ ಅಜ್ಜ ಇನ್ನೆಲ್ಲಿ ಇಳಿಯುತ್ತಿದ್ದನೋ! ಚರಿತ್ರೆ ಮೊಮ್ಮಗನ ಹೆಸರು ಹಿಡಿದುಕೊಂಡು, ದಾರಿ ಮಾಡಿದವರನ್ನು ಅಡಿಟಿಪ್ಪಣಿಗೆ ತಳ್ಳಿದೆ.

ಹುಡುಕುವವರಿಗೆ ದೊಡ್ಡ ಕಾಟ ಕಾಗುಣಿತದ್ದು. ಲಿಟೊಗಾಟ್ ಎಂಬುದನ್ನು ಗುಮಾಸ್ತರು ಕಿವಿಗೆ ಬಿದ್ದಂತೆ ಬರೆದರು, ಲಿಟಿಗಾಟ್ ಎಂದೂ ಉಂಟು. ಇದಕ್ಕೆ ಮದ್ದು ಸೌಂಡೆಕ್ಸ್. ರಾಬರ್ಟ್ ರಸೆಲ್ ಎಂಬವರು 1918ರಲ್ಲಿ ಪೇಟೆಂಟ್ ಪಡೆದ ಈ ವಿಧಾನದಲ್ಲಿ ಮೊದಲ ಅಕ್ಷರ ಉಳಿಸಿಕೊಂಡು, ಸ್ವರಗಳನ್ನು ಬಿಟ್ಟು, ಒಂದೇ ಬಗೆಯಲ್ಲಿ ಉಲಿಯುವ ವ್ಯಂಜನಗಳಿಗೆ ಒಂದೇ ಅಂಕಿ ಕೊಡುತ್ತಾರೆ. ಲಿಟೊಗಾಟ್, ಲಿಟಿಗಾಟ್ ಎರಡೂ ಎಲ್-323. ನಮ್ಮವರ ಹೆಸರಿಗೂ ಹಾಕಿ ನೋಡಬಹುದು. ಶೆಟ್ಟಿ, ಸೆಟ್ಟಿ ಇಬ್ಬರೂ ಎಸ್-300ರಲ್ಲಿ ಒಟ್ಟಿಗೆ ಕೂರುತ್ತಾರೆ. ಚೆಟ್ಟಿ ಮಾತ್ರ ಸಿ-300 ಆಗಿ ಬೇರೆ ಖಾನೆಗೆ ಹೋಗುತ್ತಾನೆ. ತಂದೆಯ ಹೆಸರನ್ನೋ ಊರಿನ ಹೆಸರನ್ನೋ ಕೊನೆಗೆ ಹಚ್ಚಿಕೊಂಡು ಪಾಸ್‌ಪೋರ್ಟ್ ಮಾಡಿಸಿದ ಅಣ್ಣತಮ್ಮಂದಿರನ್ನು ಒಂದುಗೂಡಿಸುವ ಶಕ್ತಿ ಸೌಂಡೆಕ್ಸಿಗಿಲ್ಲ.

ಕರ್ನಾಟಕದಲ್ಲಿ ಇದೇ ಕೆಲಸ ಮಾಡಿದವರು ಹೆಳವರು. ಎತ್ತಿನ ಮೇಲೆ ಕೂತು ಸುಗ್ಗಿಯ ನಂತರ ಒಕ್ಕಲುಮನೆಗಳಿಗೆ ಬಂದು, ಬಾಗಿಲಲ್ಲಿ ಮನೆತನದ ಹೆಸರುಗಳನ್ನು ಹಾಡಿದಂತೆ ಹೇಳಿ, ಕಾಳುಕಡಿ, ಬಟ್ಟೆ ಪಡೆದು, ಹೊಸದಾಗಿ ಹುಟ್ಟಿದವರ ಹೆಸರು ಸೇರಿಸಿಕೊಂಡು ಹೋಗುತ್ತಿದ್ದರು. ಮನೆ ಬಿಟ್ಟು ಬೇರೆ ಊರಿಗೆ ಹೋದ ಕವಲು ಯಾವುದೆಂದು ಬಲ್ಲವರು ಅವರೇ. ಪೇಟೆ ಸೇರಿದ ಒಕ್ಕಲಿನ ವಿಳಾಸ ಹೆಳವನಿಗೆ ಸಿಗದಾಗಿ, ಅವನ ಮಕ್ಕಳೂ ಬೇರೆ ಕೆಲಸ ಹಿಡಿಯುತ್ತಿರುವುದರಿಂದ ಎರಡೂ ಕಡೆಯ ಎಳೆ ಸವೆಯುತ್ತಿದೆ. ಉಳಿದಿರುವುದು ಕಂದಾಯ ಇಲಾಖೆಯ ವಂಶವೃಕ್ಷ. ಅದನ್ನು ಮಾಡಿಸುವುದು ಪೌತಿ ಖಾತೆಗಾಗಿ, ಆಸ್ತಿ ಪಾಲಿಗಾಗಿ. ಹಾಗಾಗಿ ಪಾಲು ಕೇಳದ ಅತ್ತೆ, ಸನ್ಯಾಸಿಯಾಗಿ ಹೋದ ಚಿಕ್ಕಪ್ಪ ಅಂಥವರನ್ನು ಕೈಬಿಟ್ಟರೂ ಕೇಳುವವರು ಕಡಿಮೆ. ಉತ್ತರದ ಹರಿದ್ವಾರದಲ್ಲಿ ತೀರ್ಥಪುರೋಹಿತರಾದ ಪಂಡರು ಬರೆದಿಟ್ಟ ವಂಶಾವಳಿ ಪುಸ್ತಕಗಳಾದ ಬಹಿಗಳನ್ನು ಯೂಟಾದ ವಂಶಾವಳಿ ಸಂಘದವರು ಮೈಕ್ರೋಫಿಲ್ಮ್ ಮಾಡಿಟ್ಟಿದ್ದಾರೆ. ಹೆಳವರ ಬಾಯಿಪಾಠಕ್ಕೂ ಅಷ್ಟೇ ಅಕ್ಕರೆ ಸಲ್ಲಬೇಕು.

ಮಿಶಿಗನ್ನಿನ ಕನ್ನಡಿಗರದು ಇನ್ನೂ ಎಳೆಯ ಚರಿತ್ರೆ. 1965ರ ವಲಸೆ ಕಾಯ್ದೆಯ ನಂತರ ಬಂದವರ ಕಾಗದಗಳೆಂದರೆ ಪೌರತ್ವದ ಕಡತ, ಕನ್ನಡ ಕೂಟದ ಸದಸ್ಯರ ಪಟ್ಟಿ, 2002ರಲ್ಲಿ ಡೆಟ್ರಾಯ್ಟಿನಲ್ಲಿ ನಡೆದ ವಿಶ್ವ ಕನ್ನಡ ಸಮ್ಮೇಳನದಂಥ ಸಂದರ್ಭದ ಸ್ಮರಣ ಸಂಚಿಕೆ. ಗಣತಿಯ ಮನೆಪಟ್ಟಿಗಳನ್ನು 72 ವರ್ಷ ಮುಚ್ಚಿಡುವುದು ಅಲ್ಲಿನ ನಿಯಮ. ‘ಏಷ್ಯನ್ ಇಂಡಿಯನ್’ ಎಂಬ ಖಾನೆ ಮೊದಲು ಬಂದ 1980ರ ಗಣತಿ ತೆರೆಯುವುದು 2052ರಲ್ಲಿ. ಬಾಣಂತನಕ್ಕೆಂದು ಬಂದು ಆರು ತಿಂಗಳಿಗೆ ಮರಳಿದ ಅಮ್ಮ ಅದರಲ್ಲಿ ಸಿಗುವುದು ಕಷ್ಟ. ಗದ್ದೆ ಮಾರಿ ತಮ್ಮನ ವಿಮಾನದ ಟಿಕೆಟ್ಟಿಗೆ ದುಡ್ಡು ಹೊಂದಿಸಿ ತಾನು ಊರಲ್ಲೇ ಉಳಿದ ಅಣ್ಣನಂತೂ ಇಲ್ಲವೇ ಇಲ್ಲ. ಅಂಥವನ ಕ್ರಯಪತ್ರ ಯಾವುದೋ ತಾಲ್ಲೂಕಿನ ಉಪನೋಂದಣಿ ಕಚೇರಿಯಲ್ಲಿ ಸಿಕ್ಕೀತು. ಮಾರಿದ ಕಾರಣವನ್ನು ಅಂಥ ಪತ್ರಗಳಲ್ಲಿ ಸಾಮಾನ್ಯವಾಗಿ ‘ಗೃಹಕೃತ್ಯದ ಖರ್ಚಿಗಾಗಿ’ ಎಂದು ಬರೆದಿರುತ್ತಾರೆ.