ಹೋಟೆಲ್ ಉದ್ಯಮದಲ್ಲಿ ಶ್ರವಣದೋಷವುಳ್ಳವರ ಉದ್ಯೋಗ

ಹೋಟೆಲುಗಳಲ್ಲಿ ಕೆಲಸ ದೊರೆತರೂ ಶ್ರವಣದೋಷವುಳ್ಳವರನ್ನು ಗ್ರಾಹಕರ ಕಣ್ಣಿಗೆ ಬೀಳದಂತೆ ಪಾತ್ರೆ ತೊಳೆಯುವುದಕ್ಕೇ ಸೀಮಿತಗೊಳಿಸುವುದುಂಟು. ಗ್ರಾಹಕರೊಡನೆ ಇವರು ವ್ಯವಹರಿಸಲಾರರೆಂಬ ಪೂರ್ವಗ್ರಹವೇ ಇದಕ್ಕೆ ಕಾರಣ. 2015ರಲ್ಲಿ ಮುಂಬಯಿಯಲ್ಲಿ ಆರಂಭಗೊಂಡ ‘ಮಿರ್ಚಿ ಅಂಡ್ ಮೈಮ್’ ಹೋಟೆಲಿನಲ್ಲಿ ಶ್ರವಣದೋಷವುಳ್ಳವರೇ ಬಡಿಸಿದರು. ತಿನಿಸುಗಳ ಪಟ್ಟಿಯಲ್ಲಿ ಪ್ರತಿ ಖಾದ್ಯದ ಕೈಸನ್ನೆಯನ್ನು ಮುದ್ರಿಸಲಾಗಿತ್ತು. ಕಲಿಯಬೇಕಾದವರು ಗ್ರಾಹಕರೇ ಆಗಿದ್ದರು.

ವಿಕಲಚೇತನರ ಹಕ್ಕುಗಳ ಅಧಿನಿಯಮ, 2016ರ ಶೇ. 4ರ ಮೀಸಲಾತಿಯು ಖಾಸಗಿ ಹೋಟೆಲುಗಳಿಗೆ ಅನ್ವಯಿಸುವುದಿಲ್ಲ. ಆದರೆ 2017ರ ನಿಯಮಗಳನ್ವಯ, 20 ಅಥವಾ ಅದಕ್ಕಿಂತ ಹೆಚ್ಚು ನೌಕರರುಳ್ಳ ಖಾಸಗಿ ಸಂಸ್ಥೆಯು ವಿಕಲಚೇತನರಿಗೆ ಸೂಕ್ತವಾದ ಹುದ್ದೆಗಳ ಪಟ್ಟಿ, ಆಯ್ಕೆ, ತರಬೇತಿ ಹಾಗೂ ಬಡ್ತಿಪೂರ್ವ ತರಬೇತಿಯ ವಿಧಾನಗಳನ್ನು ಒಳಗೊಂಡ ಸಮಾನ ಅವಕಾಶ ನೀತಿಯನ್ನು ವೆಬ್‌ಸೈಟಿನಲ್ಲಿ ಅಥವಾ ಎದ್ದುಕಾಣುವ ಸ್ಥಳದಲ್ಲಿ ಪ್ರದರ್ಶಿಸತಕ್ಕದ್ದು. ಬಡಿಸುವ ಕೆಲಸವೂ ಆ ಪಟ್ಟಿಯಲ್ಲಿದೆಯೇ ಎಂಬುದನ್ನು ಅಭ್ಯರ್ಥಿಗಳು ಮೊದಲೇ ಪರಿಶೀಲಿಸಬಹುದು.