ಕೆರೆಯ ದಡದ ಬಡಾವಣೆ, ತ್ಯಾಗಿಯ ಹೆಸರು

ಬೆಂಗಳೂರಿನ ನೀರಿನ ಅಗತ್ಯಕ್ಕಾಗಿ ಕರ್ನಲ್ ರಿಚರ್ಡ್ ಸ್ಯಾಂಕಿಯವರು 1882ರಲ್ಲಿ ಕಟ್ಟಿಸಿದುದು ಸ್ಯಾಂಕಿ ಕೆರೆ. ಅದರ ಸಮೀಪದಲ್ಲಿ, ಹಿಂದೆ ಅರಮನೆಯ ಹಣ್ಣುತೋಟವಿದ್ದ ನೆಲದಲ್ಲಿ ಬೆಳೆದ ಬಡಾವಣೆಯೇ ಸದಾಶಿವನಗರ. 'ಪ್ಯಾಲೆಸ್ ಆರ್ಚರ್ಡ್ಸ್' ಎಂಬುದು ಅದರ ಹಳೆಯ ಹೆಸರು.

ವಿಶಾಲವಾದ ನಿವೇಶನಗಳು, ಕೆರೆಯ ತಂಪು, ನಗರಕೇಂದ್ರದ ಸಾಮೀಪ್ಯ ಅಲ್ಲಿವೆ. ಹೊಸ ನಿವೇಶನಗಳಿಗೆ ಎಡೆಯಿಲ್ಲ. ಆದುದರಿಂದ ಅಲ್ಲಿನ ನೆಲದ ಬೆಲೆ ರಾಜಧಾನಿಯಲ್ಲಿಯೇ ಅತ್ಯಧಿಕವಾದವುಗಳಲ್ಲೊಂದು. ನಮ್ಮಂಥ ಉಪಾಧ್ಯಾಯರ ಜೀವಮಾನದ ಉಳಿತಾಯ ಅಲ್ಲಿ ಚಿಕ್ಕದೊಂದು ನಿವೇಶನಕ್ಕೂ ಸಾಲದು.

ಆ ಹೆಸರು ಯಾರದು? ಮಂಗಳೂರಿನ ವಕೀಲ ಕಾರ್ನಾಡು ಸದಾಶಿವರಾಯರದು (1881–1937). ನಮ್ಮ ಕಾಸರಗೋಡೂ ಸೇರಿದ್ದ ಅಂದಿನ ದಕ್ಷಿಣ ಕನ್ನಡ ಜಿಲ್ಲೆಯ ಈ ಮಹನೀಯರು ಸ್ವಾತಂತ್ರ್ಯ ಹೋರಾಟಕ್ಕೆ ಸರ್ವಸ್ವವನ್ನೂ ಧಾರೆಯೆರೆದು ಬರಿಗೈಯಲ್ಲಿ ತೀರಿಕೊಂಡರು. ಅವರ ಹೆಸರನ್ನು ಹೊತ್ತ ನೆಲ ಇಂದು ಸಿರಿವಂತರಿಗೆ ಮಾತ್ರ ಎಟಕುತ್ತದೆ. ನಮ್ಮ ಮಕ್ಕಳು ಆ ನೆಲದ ಬೆಲೆಗಿಂತ ಮೊದಲು ಆ ಹೆಸರಿನ ಬೆಲೆಯನ್ನು ಅರಿಯಲಿ.