ಮನೆಯ ಹಳೆಯ ಬೆಳ್ಳಿ ನಾಣ್ಯ: ಬೆಲೆ, ಝಕಾತ್ ಮತ್ತು ವಾರೀಸು ಹಕ್ಕು

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಹಳೆಯ ಮನೆಗಳಲ್ಲಿ ಬಟ್ಟೆಯ ಗಂಟಿನಲ್ಲೋ ಮರದ ಪೆಟ್ಟಿಗೆಯ ತಳದಲ್ಲೋ ನಾಲ್ಕಾರು ಬೆಳ್ಳಿ ರೂಪಾಯಿಗಳು ಸಿಗುವುದು ಹೊಸತಲ್ಲ. ಅಡಿಕೆ, ಭತ್ತ, ಒಣಮೀನು ಮಾರಿ ಬಂದ ಹಣವನ್ನು ನಮ್ಮ ಹಿರಿಯರು ಹೀಗೆಯೇ ಕಾಪಿಟ್ಟರು. ಈಗ ಬೆಳ್ಳಿಯ ದರ ಏರಿದಾಗಲೆಲ್ಲ ಆ ಗಂಟು ನೆನಪಾಗುತ್ತದೆ. ಕೆಲವು ಯುವಕರು ಹಳೆಯ ರೂಪಾಯಿ, ಅಮೆರಿಕದ ಸಿಲ್ವರ್ ಡಾಲರ್ ಮುಂತಾದವನ್ನು ದೀರ್ಘಕಾಲದ ಹೂಡಿಕೆಯೆಂದು ಕೊಳ್ಳುತ್ತಲೂ ಇದ್ದಾರೆ. ಇದು ಹಲಾಲೇ, ಲಾಭವುಂಟೇ, ಝಕಾತ್ ಇದೆಯೇ ಎಂದು ಕೇಳುವವರಿದ್ದಾರೆ. ತಂದೆ ತೀರಿಕೊಂಡ ಮೇಲೆ ಆ ನಾಣ್ಯ ಯಾರಿಗೆ ಎಂದು ಕೇಳುವವರು ಮಾತ್ರ ಕಡಿಮೆ. ಕೇಳಬೇಕಾದ ಮುಖ್ಯ ಪ್ರಶ್ನೆ ಅದೇ.

ಹಳೆಯ ಬೆಳ್ಳಿ ನಾಣ್ಯಕ್ಕೆ ಎರಡು ಬೆಲೆಗಳಿವೆ. ಒಂದು, ಅದರೊಳಗಿನ ಬೆಳ್ಳಿಯ ಬೆಲೆ. ಇನ್ನೊಂದು, ಅದು ವಿರಳವಾಗಿರುವುದರಿಂದ ಬರುವ ಬೆಲೆ. ಈ ಎರಡನ್ನೂ ತಿಳಿಯದೆ ಕೊಂಡರೆ ನಾವು ಮೋಸ ಹೋಗುತ್ತೇವೆ. ತಿಳಿಯದೆ ಹಂಚಿಕೊಂಡರೆ ಇನ್ನೊಬ್ಬರ ಹಕ್ಕು ನಮ್ಮ ಕೊರಳಿಗೆ ಬೀಳುತ್ತದೆ.

ಬೆಳ್ಳಿಯ ಲೆಕ್ಕ

1835ರಲ್ಲಿ ಈಸ್ಟ್ ಇಂಡಿಯಾ ಕಂಪೆನಿಯು ತನ್ನ ಆಡಳಿತದ ಪ್ರದೇಶಕ್ಕೆಲ್ಲ ಒಂದೇ ತೂಕದ ರೂಪಾಯಿಯನ್ನು ತಂದಿತು. ಅದರ ತೂಕ 11.66 ಗ್ರಾಂ. ನಮ್ಮ ಚಿನ್ನದ ಅಂಗಡಿಯವರು ಇಂದಿಗೂ ಹೇಳುವ ‘ಒಂದು ತೊಲ’ ಎಂದರೆ ಈ ಒಂದು ರೂಪಾಯಿಯ ತೂಕವೇ. ಹನ್ನೆರಡು ಪಾಲಿನಲ್ಲಿ ಹನ್ನೊಂದು ಪಾಲು ಬೆಳ್ಳಿ, ಅಂದರೆ ಒಂದು ನಾಣ್ಯದಲ್ಲಿ ಸುಮಾರು 10.69 ಗ್ರಾಂ ಶುದ್ಧ ಬೆಳ್ಳಿ. ರಾಣಿ ವಿಕ್ಟೋರಿಯಾ, ಏಳನೆಯ ಎಡ್ವರ್ಡ್, ಐದನೆಯ ಜಾರ್ಜ್ ಇವರ ಮುಖವಿರುವ ರೂಪಾಯಿಗಳೆಲ್ಲ ಇದೇ ಅಳತೆಯವು.

1940ರಿಂದ 1945ರವರೆಗಿನ ಆರನೆಯ ಜಾರ್ಜ್ ರೂಪಾಯಿಗಳು ಬೇರೆ. ಯುದ್ಧಕಾಲದಲ್ಲಿ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಲಾಯಿತು. ಅವುಗಳಲ್ಲಿರುವುದು ಸುಮಾರು 5.83 ಗ್ರಾಂ ಮಾತ್ರ. 1947ರ ರೂಪಾಯಿಯಲ್ಲಿ ಬೆಳ್ಳಿಯೇ ಇಲ್ಲ, ಅದು ನಿಕ್ಕಲ್. ನೋಡಲು ಎಲ್ಲವೂ ಬಿಳಿ. ಆದ್ದರಿಂದ ನಾಣ್ಯದ ಮೇಲಿನ ಇಸವಿಯನ್ನು ಓದದೆ ಬೆಲೆ ಮಾತಾಡಬಾರದು.

ವಿರಳವಾಗುವುದು ಹೇಗೆ?

ನಾಣ್ಯ ಹಳೆಯದಾದ ಮಾತ್ರಕ್ಕೆ ವಿರಳವಾಗುವುದಿಲ್ಲ. ಇದನ್ನು ತಿಳಿಯಲು ಅಮೆರಿಕದ ಸಿಲ್ವರ್ ಡಾಲರ್‌ಗೂ ನಮ್ಮ ರೂಪಾಯಿಗೂ ಇರುವ ಒಂದು ನಂಟನ್ನು ನೋಡಬೇಕು. ಮೊದಲ ಮಹಾಯುದ್ಧದ ಸಮಯ ಭಾರತದಲ್ಲಿ ಬೆಳ್ಳಿ ರೂಪಾಯಿಗೆ ವಿಪರೀತ ಬೇಡಿಕೆ ಬಂತು. ಸರಕಾರದ ಬಳಿ ಬೆಳ್ಳಿ ಮುಗಿಯುತ್ತಾ ಬಂತು. ಬ್ರಿಟಿಷರು ಅಮೆರಿಕದ ನೆರವು ಕೇಳಿದರು. 1918ರ ಏಪ್ರಿಲ್‌ನಲ್ಲಿ ಅಮೆರಿಕ ಪಿಟ್‌ಮನ್ ಕಾಯಿದೆ ಮಾಡಿ ತನ್ನ ಖಜಾನೆಯಲ್ಲಿದ್ದ ಸುಮಾರು 27 ಕೋಟಿ ಡಾಲರ್ ನಾಣ್ಯಗಳನ್ನು ಕರಗಿಸಿತು. ಆ ಬೆಳ್ಳಿಯ ಬಹುಪಾಲು ಭಾರತಕ್ಕೆ ಬಂದು ರೂಪಾಯಿಯಾಯಿತು. ಪರಿಣಾಮವಾಗಿ ಅಮೆರಿಕದ ಕೆಲವು ಇಸವಿಗಳ ಡಾಲರ್‌ಗಳು ವಿರಳವಾದವು. ನಮ್ಮಲ್ಲಿ 1918ರ ಸುಮಾರಿನ ರೂಪಾಯಿಗಳು ಹೇರಳವಾದವು. ಅಜ್ಜನ ಗಂಟಿನಲ್ಲಿ 1918ರ ನಾಣ್ಯ ಸಿಕ್ಕರೆ ಅದು ನೂರು ವರ್ಷ ದಾಟಿದ ನಾಣ್ಯ, ನಿಜ. ಆದರೆ ಅದಕ್ಕೆ ಸಾಮಾನ್ಯವಾಗಿ ಬೆಳ್ಳಿಯ ಬೆಲೆಗಿಂತ ತುಸು ಹೆಚ್ಚು ಸಿಗಬಹುದು, ಅಷ್ಟೇ.

ಇದಕ್ಕೆ ವಿರುದ್ಧವಾದದ್ದು 1911ರ ರೂಪಾಯಿ. ಐದನೆಯ ಜಾರ್ಜ್ ತೊಟ್ಟ ನಿಲುವಂಗಿಯ ಮೇಲಿನ ಹಾರದಲ್ಲಿ ಒಂದು ಸಣ್ಣ ಆನೆಯ ಚಿತ್ರವಿದೆ. ಆ ವರ್ಷದ ಅಚ್ಚಿನಲ್ಲಿ ಅದರ ಸೊಂಡಿಲು ಗಿಡ್ಡವಾಗಿ ಆನೆಯು ಹಂದಿಯಂತೆ ಕಂಡಿತು. ಮುಸ್ಲಿಮರಿಂದ ಆಕ್ಷೇಪ ಬಂತು. ಟಂಕಿಸಿದ್ದ ಸುಮಾರು 94 ಲಕ್ಷ ನಾಣ್ಯಗಳಲ್ಲಿ ಹೊರಗೆ ಹೋದದ್ದು ಸುಮಾರು 7 ಲಕ್ಷ. ಉಳಿದವನ್ನು ಸರಕಾರವೇ ತಡೆಹಿಡಿದು ಕರಗಿಸಿ, 1912ರಿಂದ ಆನೆಯ ಚಿತ್ರವನ್ನು ತಿದ್ದಿತು. ಒಂದೇ ರಾಜ, ಒಂದೇ ತೂಕ, ಒಂದೇ ಬೆಳ್ಳಿ. ಆದರೂ ಸಂಗ್ರಹಕಾರರು 1911ಕ್ಕೆ ಹೆಚ್ಚು ಕೊಡುತ್ತಾರೆ. ಎಷ್ಟು ವರ್ಷ ಹಳೆಯದು ಎಂಬುದಕ್ಕಿಂತ ಎಷ್ಟು ಉಳಿದಿವೆ, ಯಾವ ಸ್ಥಿತಿಯಲ್ಲಿವೆ ಎಂಬುದೇ ಇಲ್ಲಿ ಮುಖ್ಯ.

ಗಲ್ಫ್‌ನಿಂದ ಬಂದವರ ಬಳಿ ಕೆಲವೊಮ್ಮೆ ಕಾಣುವ ಮರಿಯಾ ಥೆರೇಸಾ ಎಂಬ ದೊಡ್ಡ ಬೆಳ್ಳಿ ನಾಣ್ಯವೂ ಇದಕ್ಕೆ ಉದಾಹರಣೆ. ಯಮನ್, ಒಮಾನ್ ಕಡೆ ಇದು ಬಹುಕಾಲ ಚಲಾವಣೆಯಲ್ಲಿತ್ತು. ಅದರ ಮೇಲೆ 1780 ಎಂದಿರುತ್ತದೆ. ಆದರೆ ಅದೇ ಇಸವಿಯಿಟ್ಟು ಅದನ್ನು ಹಲವು ದೇಶಗಳಲ್ಲಿ ಇಪ್ಪತ್ತನೆಯ ಶತಮಾನದಲ್ಲೂ ಟಂಕಿಸಲಾಗಿದೆ, 1940-41ರಲ್ಲಿ ಮುಂಬಯಿಯಲ್ಲೂ ಟಂಕಿಸಲಾಗಿದೆ. ‘ಇನ್ನೂರು ವರ್ಷ ಹಳೆಯದು’ ಎಂಬ ಮಾತು ಕೇಳಿ ಹಣ ಕೊಡಬೇಡಿ.

ಟಿಪ್ಪು ಸುಲ್ತಾನರ ನಾಣ್ಯಗಳ ಮೇಲೆ ನಮ್ಮವರಿಗೆ ವಿಶೇಷ ಅಭಿಮಾನ. ಅವರು ತಮ್ಮ ಬೆಳ್ಳಿ ರೂಪಾಯಿಗೆ ಇಮಾಮಿ, ಎರಡು ರೂಪಾಯಿಗೆ ಹೈದರಿ, ಅರ್ಧ ರೂಪಾಯಿಗೆ ಆಬಿದಿ ಎಂದು ಹೆಸರಿಟ್ಟಿದ್ದರು. ಅಭಿಮಾನ ಇರುವಲ್ಲಿ ನಕಲಿ ವ್ಯಾಪಾರವೂ ಇರುತ್ತದೆ. ಖರೀದಿಸುವ ಮುನ್ನ ಅಸಲಿ ನಾಣ್ಯಗಳನ್ನು ಕಣ್ಣಾರೆ ನೋಡಿ ಕಲಿಯುವುದು ಒಳ್ಳೆಯದು. 1906ರಲ್ಲಿ ಉಡುಪಿಯಲ್ಲಿ ಬ್ಯಾಂಕ್ ಸ್ಥಾಪಿಸಿದ ಹಾಜಿ ಅಬ್ದುಲ್ಲಾ ಹಾಜಿ ಖಾಸಿಂ ಸಾಹೇಬ್ ಬಹದ್ದೂರ್ ಅವರ ಮನೆಯಲ್ಲೇ ಅಂದಿನ ಕಾರ್ಪೊರೇಷನ್ ಬ್ಯಾಂಕ್ ನಾಣ್ಯ ಸಂಗ್ರಹಾಲಯ ಮಾಡಿತು. ಮಕ್ಕಳನ್ನೂ ಕರೆದುಕೊಂಡು ಹೋಗಿ ನೋಡಬೇಕಾದ ಜಾಗ.

ಹೂಡಿಕೆಯಾಗಿ ನೋಡಿದರೆ

ಬೆಳ್ಳಿಯಲ್ಲಿ ಬಡ್ಡಿ ಇಲ್ಲ ಎಂಬುದು ನಮಗೆ ಸಮಾಧಾನ. ಆದರೆ ಬಾಡಿಗೆಯೂ ಇಲ್ಲ, ಫಸಲೂ ಇಲ್ಲ. ದರ ಏರಿದರೆ ಮಾತ್ರ ಲಾಭ. 1980ರ ಜನವರಿಯಲ್ಲಿ ವಿಶ್ವ ಮಾರುಕಟ್ಟೆಯಲ್ಲಿ ಬೆಳ್ಳಿ ಔನ್ಸಿಗೆ 50 ಡಾಲರಿನ ಹತ್ತಿರ ಹೋಯಿತು. ಎರಡೇ ತಿಂಗಳಲ್ಲಿ, ಮಾರ್ಚ್ ಕೊನೆಗೆ, 11 ಡಾಲರಿನ ಆಸುಪಾಸಿಗೆ ಕುಸಿಯಿತು. ಮತ್ತೆ 50ರ ಸಮೀಪ ಬಂದದ್ದು 2011ರಲ್ಲಿ, ಅಂದರೆ 31 ವರ್ಷಗಳ ಬಳಿಕ. ದೀರ್ಘಕಾಲ ಎಂದರೆ ಕೆಲವರ ಪಾಲಿಗೆ ಒಂದು ಆಯುಷ್ಯವೇ ಆಗಬಹುದು.

ಇನ್ನೊಂದು ವಿಷಯ, ಮಾರುವಾಗ ಸಿಗುವ ಬೆಲೆ. ಊರಿನ ಚಿನ್ನದ ಅಂಗಡಿಯಲ್ಲಿ ಸಿಗುವುದು ಬೆಳ್ಳಿಯ ಬೆಲೆ ಮಾತ್ರ. ವಿರಳತೆಯ ಬೆಲೆ ಕೊಡುವವನು ಸಂಗ್ರಹಕಾರ. ಅವನನ್ನು ಹುಡುಕಲು ಸಮಯ ಬೇಕು. ಮಗಳ ಮದುವೆಗೋ ಆಸ್ಪತ್ರೆಗೋ ತುರ್ತಾಗಿ ಹಣ ಬೇಕಾದವನಿಗೆ ಆ ಸಮಯ ಇರುವುದಿಲ್ಲ. ಆದ್ದರಿಂದ ಮನೆ ಖರ್ಚು, ಸಾಲ, ಮಕ್ಕಳ ಓದು, ಹಜ್ಜ್‌ನ ಹಣ ಎಲ್ಲ ಕಳೆದು ಉಳಿದದ್ದರಲ್ಲಿ ಒಂದು ಸಣ್ಣ ಪಾಲನ್ನು ಮಾತ್ರ ಇದಕ್ಕೆ ಹಾಕುವುದು ವಿವೇಕ. ಸಾಲ ಮಾಡಿಯಂತೂ ಬೇಡ.

ಕೊಳ್ಳುವಾಗ ಆಚಾರಿಯ ತಕ್ಕಡಿಯಲ್ಲಿ ತೂಗಿಸಿ. ಸವೆತಕ್ಕಿಂತ ಹೆಚ್ಚಿನ ವ್ಯತ್ಯಾಸವಿದ್ದರೆ ಸಂಶಯಪಡಿ. ಅಯಸ್ಕಾಂತಕ್ಕೆ ಅಂಟಿದರೆ ಅದು ಬೆಳ್ಳಿಯಲ್ಲ. ಮನೆಯಲ್ಲಿರುವ ನಾಣ್ಯವನ್ನು ಹುಣಸೆಹುಳಿ, ಬೂದಿ ಹಾಕಿ ತಿಕ್ಕಬೇಡಿ. ಕಪ್ಪು ಹೋಗುವುದರ ಜೊತೆಗೆ ಸಂಗ್ರಹಕಾರ ಕೊಡುವ ಬೆಲೆಯೂ ಹೋಗುತ್ತದೆ.

ಹಳೆಯ ನಾಣ್ಯಕ್ಕೆ ಲಕ್ಷಗಟ್ಟಲೆ ಕೊಡುತ್ತೇವೆ, ಮೊದಲು ಇಷ್ಟು ಶುಲ್ಕ ಕಟ್ಟಿ ಎಂಬ ಸಂದೇಶಗಳು ಮೊಬೈಲಿಗೆ ಬರುತ್ತವೆ. ತಾನು ಇಂಥ ವ್ಯವಹಾರ ಮಾಡುವುದಿಲ್ಲ, ಯಾರಿಗೂ ಅಧಿಕಾರ ಕೊಟ್ಟಿಲ್ಲ, ಕಮಿಷನ್ ಕೇಳುವುದಿಲ್ಲ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟ್ 4ರಂದೇ ಎಚ್ಚರಿಸಿದೆ. ಶುಲ್ಕ ಕೇಳಿದ ಕೂಡಲೇ ಅದು ಮೋಸವೆಂದು ತಿಳಿಯಿರಿ.

ಕಾನೂನಿನ ಎರಡು ಮಾತು. ನೂರು ವರ್ಷ ದಾಟಿದ ನಾಣ್ಯವು 1972ರ ಪುರಾತನ ವಸ್ತುಗಳ ಕಾಯಿದೆಗೆ ಒಳಪಡುತ್ತದೆ. ಅನುಮತಿಯಿಲ್ಲದೆ ಅದನ್ನು ಗಲ್ಫ್‌ಗಾಗಲಿ ಬೇರೆಲ್ಲಿಗಾಗಲಿ ಒಯ್ಯುವಂತಿಲ್ಲ. ಮನೆಯ ಅಡಿಪಾಯ, ಬಾವಿ, ತೋಟ ಅಗೆಯುವಾಗ ನಾಣ್ಯದ ಗಡಿಗೆ ಸಿಕ್ಕರೆ ಅದು ಸಿಕ್ಕವನ ಸ್ವತ್ತಲ್ಲ. ಜಿಲ್ಲಾಧಿಕಾರಿಗೆ ತಿಳಿಸಬೇಕು.

ವ್ಯವಹಾರದಲ್ಲಿ ಎಚ್ಚರ

ಬೆಳ್ಳಿಗೆ ಬೆಳ್ಳಿ ಕೊಟ್ಟರೆ ತೂಕ ಸಮನಾಗಿರಬೇಕು, ಕೈಯಿಂದ ಕೈಗೆ ಆಗಬೇಕು ಎಂಬುದು ಪ್ರವಾದಿ(ಸ)ರ ಸ್ಪಷ್ಟ ಆದೇಶ. ಹಳೆಯ ರೂಪಾಯಿ ಕೊಟ್ಟು ಕಡಿಮೆ ತೂಕದ ಹೊಸ ಕಾಲ್ಗೆಜ್ಜೆ ತರುವುದು ನಮ್ಮಲ್ಲಿ ಮಾಮೂಲಿ. ಒಂದು 1911ರ ರೂಪಾಯಿಗೆ ಹತ್ತು ಸಾಮಾನ್ಯ ರೂಪಾಯಿ ಕೊಡುವುದೂ ಸಂಗ್ರಹಕಾರರ ನಡುವೆ ನಡೆಯುತ್ತದೆ. ಎರಡೂ ರಿಬಾದ ಬಾಗಿಲು. ಪರಿಹಾರ ಸುಲಭ. ಖೈಬರಿನ ಉತ್ತಮ ಖರ್ಜೂರವನ್ನು ಕೀಳು ಖರ್ಜೂರದ ಎರಡು ಪಟ್ಟು ಕೊಟ್ಟು ತಂದವರಿಗೆ ಪ್ರವಾದಿ(ಸ) ತೋರಿಸಿದ ದಾರಿ ಇದೆ. ಇದ್ದುದನ್ನು ಮೊದಲು ಹಣಕ್ಕೆ ಮಾರಿ, ಆ ಹಣದಿಂದ ಬೇಕಾದುದನ್ನು ಕೊಳ್ಳಬೇಕು. ಅಂಗಡಿಯಲ್ಲಿ ಹಳೆಯದರ ಹಣ ಕೈಗೆ ತೆಗೆದುಕೊಂಡು, ಬಳಿಕ ಹೊಸತನ್ನು ಕೊಂಡರೆ ಸಾಕು.

ನೋಟಿನ ಹಣಕ್ಕೂ ಬಡ್ಡಿ, ಝಕಾತಿನ ನಿಯಮಗಳು ಅನ್ವಯಿಸುತ್ತವೆ ಎಂದು ಅಂತಾರಾಷ್ಟ್ರೀಯ ಇಸ್ಲಾಮೀ ಫಿಕ್ಹ್ ಅಕಾಡೆಮಿ 1986ರಲ್ಲಿ ಅಮ್ಮಾನ್‌ನಲ್ಲಿ ನಿರ್ಣಯಿಸಿದೆ. ಆದ್ದರಿಂದ ಬೆಳ್ಳಿಯನ್ನು ಕಂತಿನಲ್ಲಿ ಕೊಳ್ಳುವ ಮೊದಲು, ಹಣ ಈಗ ಕೊಟ್ಟು ನಾಣ್ಯ ಆಮೇಲೆ ಪಡೆಯುವ ವ್ಯವಹಾರಕ್ಕೆ ಇಳಿಯುವ ಮೊದಲು ನಿಮ್ಮ ಉಸ್ತಾದರಲ್ಲಿ ಕೇಳಿ.

ನಾಣ್ಯದ ದೋಷ ಗೊತ್ತಿದ್ದೂ ಮುಚ್ಚಿ ಮಾರುವುದು ವಂಚನೆ. ಮೇಲೆ ಒಣ ಧಾನ್ಯ ತೋರಿಸಿ ಕೆಳಗೆ ಒದ್ದೆ ಧಾನ್ಯ ಇಟ್ಟ ವ್ಯಾಪಾರಿಯನ್ನು ಪ್ರವಾದಿ(ಸ) ಖಂಡಿಸಿದ್ದು ನಮಗೆ ನೆನಪಿರಲಿ. ಬೆಲೆ ತಿಳಿಯದ ಮುದುಕಿಯಿಂದ ವಿರಳ ನಾಣ್ಯವನ್ನು ಚಿಲ್ಲರೆ ಹಣಕ್ಕೆ ಪಡೆಯುವುದು ಜಾಣತನವಲ್ಲ, ನಂಬಿಕೆಗೆ ಮಾಡಿದ ದ್ರೋಹ.

ಝಕಾತ್

ಬೆಳ್ಳಿಯ ನಿಸಾಬ್ 200 ದಿರ್ಹಮ್. ಶಾಫಿಈ ಲೆಕ್ಕದಲ್ಲಿ ಇದನ್ನು ಸಾಮಾನ್ಯವಾಗಿ 595 ಗ್ರಾಂ ಎಂದೂ, ಭಾರತದ ಹನಫೀ ವಿದ್ವಾಂಸರು ಐವತ್ತೆರಡೂವರೆ ತೊಲ, ಅಂದರೆ ಸುಮಾರು 612 ಗ್ರಾಂ ಎಂದೂ ಹೇಳುತ್ತಾರೆ. ಶಾಫಿಈ ಮದ್‌ಹಬ್‌ನಲ್ಲಿ ಶುದ್ಧ ಬೆಳ್ಳಿಯನ್ನಷ್ಟೇ ಲೆಕ್ಕ ಹಿಡಿಯಲಾಗುತ್ತದೆ. ಆಗ 1939ರವರೆಗಿನ ರೂಪಾಯಿ 56 ಇದ್ದರೆ ನಿಸಾಬ್ ತುಂಬುತ್ತದೆ. ಅರ್ಧ ಬೆಳ್ಳಿಯ ನಾಣ್ಯವಾದರೆ ನೂರಕ್ಕೂ ಮೇಲೆ ಬೇಕು. ಒಂದು ಚಾಂದ್ರ ವರ್ಷ ಕಳೆದರೆ ನಲ್ವತ್ತರಲ್ಲಿ ಒಂದು ಪಾಲು ಝಕಾತ್.

ಧರಿಸುವ ಆಭರಣಕ್ಕೆ ಶಾಫಿಈ ಮದ್‌ಹಬ್‌ನಲ್ಲಿ ಇರುವ ರಿಯಾಯಿತಿ ಪೆಟ್ಟಿಗೆಯಲ್ಲಿಟ್ಟ ನಾಣ್ಯಕ್ಕೆ ಇಲ್ಲ. ಮಾರುವ ಉದ್ದೇಶದಿಂದಲೇ ಕೊಂಡಿಟ್ಟವರ ಲೆಕ್ಕದಲ್ಲಿ ವಿರಳತೆಯ ಬೆಲೆಯೂ ಸೇರುವ ವಿಷಯವಿರುವುದರಿಂದ, ಅವರು ಪಟ್ಟಿ ಮಾಡಿಕೊಂಡು ಹೋಗಿ ಖತೀಬರಲ್ಲಿ ಕೇಳಬೇಕು. ಚಿನ್ನ ಬೆಳ್ಳಿಯನ್ನು ಕೂಡಿಟ್ಟು ಅಲ್ಲಾಹನ ಮಾರ್ಗದಲ್ಲಿ ಖರ್ಚು ಮಾಡದವರ ಕುರಿತು ಸೂರಃ ಅತ್ತೌಬಾದ 34ನೆಯ ವಚನದಲ್ಲಿ ಕಠಿಣ ಎಚ್ಚರಿಕೆಯಿದೆ. ಝಕಾತ್ ಕೊಟ್ಟ ಸಂಪತ್ತು ಆ ಎಚ್ಚರಿಕೆಗೆ ಒಳಪಡುವುದಿಲ್ಲ ಎಂದು ಸಹಾಬಿಗಳಲ್ಲಿ ಇಬ್ನು ಉಮರ್(ರ) ವಿವರಿಸಿದ್ದಾರೆ. ಕೂಡಿಡುವುದು ತಪ್ಪಲ್ಲ, ಬಡವರ ಪಾಲನ್ನೂ ಸೇರಿಸಿ ಕೂಡಿಡುವುದು ತಪ್ಪು.

ವಾರೀಸು ಹಕ್ಕು

ಈಗ ಮೊದಲು ಹೇಳಿದ ಪ್ರಶ್ನೆ. ತಂದೆಯೋ ತಾಯಿಯೋ ತೀರಿಕೊಂಡಾಗ ಜಾಗ, ಮನೆ, ಚಿನ್ನ ಪಾಲಾಗುತ್ತದೆ. ಹಳೆಯ ನಾಣ್ಯದ ಗಂಟನ್ನು ಮಾತ್ರ ‘ನೆನಪಿಗೆ ಇರಲಿ’ ಎಂದು ದೊಡ್ಡಣ್ಣ ಇಟ್ಟುಕೊಳ್ಳುತ್ತಾನೆ. ಮದುವೆಯಾಗಿ ಹೋದ ತಂಗಿಯರು ಬಾಯಿ ತೆರೆಯುವುದಿಲ್ಲ. ಆದರೆ ಮರಣ ಹೊಂದಿದವರು ಬಿಟ್ಟುಹೋದದ್ದು ಸ್ವಲ್ಪವಿರಲಿ ಹೆಚ್ಚಿರಲಿ, ಅದರಲ್ಲಿ ಗಂಡಸರಿಗೂ ಹೆಂಗಸರಿಗೂ ನಿಗದಿತ ಪಾಲಿದೆ ಎಂಬುದು ಸೂರಃ ಅನ್ನಿಸಾಅ್‌ನ ತೀರ್ಪು. ಮೌನವನ್ನು ಒಪ್ಪಿಗೆಯೆಂದು ತಿಳಿಯಬಾರದು.

ದಾರಿ ಹೀಗಿದೆ. ನಾಣ್ಯಗಳನ್ನು ಎಲ್ಲ ವಾರೀಸುದಾರರ ಮುಂದೆ ಎಣಿಸಿ ಇಸವಿವಾರು ಬರೆಯಿರಿ. ಬೆಳ್ಳಿಯ ಬೆಲೆಯನ್ನು ಆಚಾರಿಯಿಂದ, ವಿರಳತೆಯ ಬೆಲೆಯನ್ನು ಬಲ್ಲ ಇಬ್ಬರಿಂದ ಕೇಳಿ. ಸಾಲ ಮತ್ತು ವಸಿಯ್ಯತ್ ತೀರಿಸಿದ ಬಳಿಕ ಪಾಲು ಮಾಡಿ. ಒಬ್ಬರಿಗೆ ಎಲ್ಲವೂ ಬೇಕೆಂದಿದ್ದರೆ ಉಳಿದವರ ಪಾಲಿನ ಮೌಲ್ಯವನ್ನು ಹಣವಾಗಿ ಕೊಡಲಿ, ಅಥವಾ ಅವರು ತಿಳಿದು, ಮನಸಾರೆ ಬಿಟ್ಟುಕೊಡಲಿ. ಜೀವಂತವಿರುವ ಹಿರಿಯರೂ ತಮ್ಮ ಬಳಿ ಏನಿದೆ ಎಂದು ಇಂದೇ ಬರೆದಿಡುವುದು ಒಳ್ಳೆಯದು.

ಹಿರಿಯರು ಬೆವರಿನಿಂದ ಗಳಿಸಿದ ಬೆಳ್ಳಿ ಇದು. ಅದರ ತೂಕ ತಿಳಿಯೋಣ, ಬೆಲೆ ತಿಳಿಯೋಣ, ಅದರಲ್ಲಿ ಬಡವನಿಗೂ ಸಹೋದರಿಗೂ ಇರುವ ಹಕ್ಕನ್ನು ಕೊಟ್ಟು ಉಳಿದದ್ದನ್ನು ಮಕ್ಕಳಿಗೆ ದಾಟಿಸೋಣ. ಅಲ್ಲಾಹನು ನಮ್ಮ ಸಂಪಾದನೆಯನ್ನು ಶುದ್ಧಗೊಳಿಸಿ ಅದರಲ್ಲಿ ಬರಕತ್ ನೀಡಲಿ. ಆಮೀನ್.